ಎರಡು ಊರು, ಐದು ಸ್ವರ

ಬುಡಾಪೆಸ್ಟ್ ನಗರವನ್ನು ಬಿಟ್ಟು ಆಗ್ನೇಯ ದಿಕ್ಕಿಗೆ ಹೊರಟ ರೈಲು ಸುಮಾರು 85 ಕಿಲೋಮೀಟರು ನಡೆದು ಕೆಚ್ಕೆಮೇಟ್ ಎಂಬ ಊರನ್ನು ಸೇರುತ್ತದೆ. ದಾರಿಯುದ್ದಕ್ಕೂ ಕಣ್ಣಿಗೆ ಅಡ್ಡವಾಗುವ ಬೆಟ್ಟವೊಂದಿಲ್ಲ. ಹಂಗೇರಿಯ ಮಹಾಬಯಲು ಅಂಗೈಯಂತೆ ಹರಡಿಕೊಂಡಿದೆ. ಮರಳು ಬೆರೆತ ನೆಲ. ಆ ನೆಲದಲ್ಲಿ ಏಪ್ರಿಕಾಟ್ ಹಣ್ಣಿನ ತೋಟಗಳು, ದ್ರಾಕ್ಷಿಯ ಸಾಲುಗಳು. ಹಂಗೇರಿಯ ಭಾಷೆಯಲ್ಲಿ 'ಕೆಚ್ಕೆ' ಎಂದರೆ ಆಡು. ಊರಿನ ಲಾಂಛನದಲ್ಲಿಯೂ ಆಡಿನ ಚಿತ್ರವೇ ಇದೆ. ಆಡಿನ ಊರು ಹಾಡಿನ ಊರಾದ ಕಥೆ ಅಲ್ಲಿಗೆ ಹೋಗುವ ಪ್ರಯಾಣಿಕನಿಗೆ ರೈಲಿನಿಂದ ಇಳಿದೊಡನೆಯೇ ಎದುರಾಗುತ್ತದೆ. ಏಕೆಂದರೆ ಆ ಕಥೆಯ ನಾಯಕನು ಹುಟ್ಟಿದ್ದು ಆ ರೈಲ್ವೆ ನಿಲ್ದಾಣದಲ್ಲಿಯೇ.

ಜೋಲ್ತಾನ್ ಕೊದಾಯ್ 1882ನೆಯ ಡಿಸೆಂಬರ್ 16ರಂದು ಜನಿಸಿದಾಗ ಅವನ ತಂದೆ ಅಲ್ಲಿ ರೈಲ್ವೆ ಅಧಿಕಾರಿಯಾಗಿದ್ದನು. ರೈಲ್ವೆಯವರ ಬಾಳು ವರ್ಗಾವಣೆಯ ಬಾಳಲ್ಲವೇ? ಮಗು ನಡೆಯಲು ಕಲಿಯುವಷ್ಟರಲ್ಲಿ ಸಂಸಾರ ಬೇರೆ ಊರಿಗೆ ಹೊರಟಿತು. ಬಾಲ್ಯದ ಏಳು ವರ್ಷಗಳು ಗಲಾಂತ ಎಂಬ ಹಳ್ಳಿಯಲ್ಲಿ ಕಳೆದುವು. ಅಲ್ಲಿಯ ಬರಿಗಾಲಿನ ಮಕ್ಕಳ ಜೊತೆ ಹಾಡಿದ ಹಾಡುಗಳನ್ನು ಕೊದಾಯ್ ಮುಪ್ಪಿನವರೆಗೂ ಮರೆಯಲಿಲ್ಲ. ಆದರೂ ಹುಟ್ಟಿದ ಊರಿನ ಋಣ ಹರಿಯಲಿಲ್ಲ. 1923ರಲ್ಲಿ ಅವನಿಗೆ ಕೀರ್ತಿಯನ್ನು ತಂದ 'ಸಾಲ್ಮುಸ್ ಹುಂಗಾರಿಕುಸ್' ಎಂಬ ಮೇಳಗೀತದ ಸಾಹಿತ್ಯ ಹದಿನಾರನೆಯ ಶತಮಾನದ ಕೆಚ್ಕೆಮೇಟಿನ ಕವಿಯೊಬ್ಬನದು. ಆ ಊರಿನ ನಗರಸಭೆಯ ಕಟ್ಟಡವನ್ನು 1893ರಿಂದ 1897ರವರೆಗೆ ಕಟ್ಟಿದರು. ಅದರ ಗಂಟೆಗಳು ಇಂದಿಗೂ ಚೌಕದ ಜನರಿಗೆ ಕೊದಾಯನ ಸ್ವರಗಳನ್ನು ಕೇಳಿಸುತ್ತವೆ.

ಆದರೆ ಪ್ರಪಂಚದ ಸಂಗೀತ ಶಿಕ್ಷಕರು ಕೆಚ್ಕೆಮೇಟನ್ನು ಹುಡುಕಿಕೊಂಡು ಬರುವುದು ಗಂಟೆಗಳನ್ನು ಕೇಳುವುದಕ್ಕಲ್ಲ. 1950ರಲ್ಲಿ ಆ ಊರಿನಲ್ಲಿ ಹಂಗೇರಿಯ ಮೊದಲ 'ಹಾಡಿನ ಪ್ರಾಥಮಿಕ ಶಾಲೆ' ತೆರೆಯಿತು. ಮಾರ್ತ ನೆಮೆಶ್‌ಸೆಗಿ ಎಂಬ ಮಹಿಳೆ ಅದರ ಮುಖ್ಯೋಪಾಧ್ಯಾಯಿನಿ. ಎಲ್ಲ ಶಾಲೆಗಳಲ್ಲಿಯೂ ಕಲಿಸುವ ಪಾಠಗಳನ್ನೇ ಅಲ್ಲಿಯೂ ಕಲಿಸಿದರು. ಒಂದೇ ಒಂದು ವ್ಯತ್ಯಾಸ: ಗಣಿತದಂತೆ, ಮಾತೃಭಾಷೆಯಂತೆ, ಸಂಗೀತವೂ ಅಲ್ಲಿ ದಿನದಿನದ ಪಾಠವಾಯಿತು.

ಶ್ರುತಿಕವೆಯ ಪಾಠ

ಆ ಸಂಪ್ರದಾಯದ ಒಂದು ವರ್ಗ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು. ಪಿಯಾನೋ ಇದ್ದರೂ ಅದು ಮುಚ್ಚಿಯೇ ಇರುತ್ತದೆ. ಉಪಾಧ್ಯಾಯಿನಿ ಉಕ್ಕಿನ ಶ್ರುತಿಕವೆಯೊಂದನ್ನು ತಟ್ಟಿ ಕಿವಿಗೆ ಹಿಡಿದು, ಶ್ರುತಿಯನ್ನು ಮೆಲ್ಲನೆ ಗುನುಗುತ್ತಾಳೆ. ಮಕ್ಕಳು ಅದನ್ನು ಹಿಡಿಯುತ್ತಾರೆ. ಅನಂತರ ಅವಳು ಮಾತನಾಡುವುದೇ ಅಪರೂಪ. ಅವಳ ಕೈ ಮಾತನಾಡುತ್ತದೆ. ಸೊಂಟದ ಮಟ್ಟದಲ್ಲಿ ಬಿಗಿದ ಮುಷ್ಟಿ 'ದೊ'. ಓರೆಯಾಗಿ ಮೇಲೆದ್ದ ಅಂಗೈ 'ರೆ'. ನೆಲಕ್ಕೆ ಸಮನಾಗಿ ಚಾಚಿದ ಹಸ್ತ 'ಮಿ'. ಎದೆಯ ಕಡೆ ತಿರುಗಿದ ಅಂಗೈ 'ಸೊ'. ಮಣಿಕಟ್ಟಿನಿಂದ ಜೋತ ಕೈ 'ಲ'. ಕೈ ಏರಿದಂತೆ ಮಕ್ಕಳ ದನಿ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಕೊಂಚ ದೊಡ್ಡ ಮಕ್ಕಳಾದರೆ ಎರಡು ಕೈಗಳಿಂದ ಎರಡು ಬೇರೆ ಸ್ವರಗಳನ್ನು ತೋರಿಸುತ್ತಾಳೆ. ಬಲಗಡೆಯ ಮಕ್ಕಳು ಒಂದನ್ನು, ಎಡಗಡೆಯವರು ಮತ್ತೊಂದನ್ನು ಹಾಡುತ್ತಾರೆ.

ಇದಕ್ಕಿಂತಲೂ ಬೆರಗು ಹುಟ್ಟಿಸುವುದು ಮೌನದ ಪಾಠ. ಹಾಡು ಅರ್ಧಕ್ಕೆ ಬಂದಾಗ ಉಪಾಧ್ಯಾಯಿನಿ ಒಂದು ಸಂಜ್ಞೆಯನ್ನು ಮಾಡುತ್ತಾಳೆ. ಮಕ್ಕಳ ಬಾಯಿ ಮುಚ್ಚುತ್ತದೆ, ಹಾಡು ನಿಲ್ಲುವುದಿಲ್ಲ. ಪ್ರತಿಯೊಬ್ಬರೂ ಒಳಗೊಳಗೇ ಹಾಡಿಕೊಂಡು ಮುಂದೆ ಸಾಗುತ್ತಾರೆ. ಮತ್ತೊಂದು ಸಂಜ್ಞೆಯಾದೊಡನೆ ಎಲ್ಲರ ಕೊರಳೂ ಒಟ್ಟಿಗೆ ತೆರೆಯುತ್ತದೆ. ಎಲ್ಲಿ ಇರಬೇಕೋ ಅದೇ ಪದದಲ್ಲಿ, ಅದೇ ಶ್ರುತಿಯಲ್ಲಿ! ಕಿವಿಯಿಂದ ಕೇಳುವ ಮೊದಲೇ ಮನಸ್ಸಿನಲ್ಲಿ ಕೇಳಬಲ್ಲವನೇ ಸಂಗೀತವನ್ನು ಬಲ್ಲವನು ಎಂಬುದು ಕೊದಾಯನ ನಂಬಿಕೆ. ವಾದ್ಯದ ಮೇಲೆ ಬೆರಳಿಡುವ ಮೊದಲು ಮಗು ಹಾಡಲು ಕಲಿಯಬೇಕು, ಹಾಡಿದುದನ್ನು ಬರೆಯಲು ಕಲಿಯಬೇಕು, ಬರೆದುದನ್ನು ಕಣ್ಣಿನಿಂದ ಓದಿ ಮನಸ್ಸಿನಲ್ಲಿ ಕೇಳಲು ಕಲಿಯಬೇಕು.

ಈ ಕೈಸನ್ನೆಗಳು ಹಂಗೇರಿಯಲ್ಲಿ ಹುಟ್ಟಿದವಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಗ್ವೀದೊ ಎಂಬ ಸನ್ಯಾಸಿ ಸ್ವರಗಳಿಗೆ ಹೆಸರಿಟ್ಟನು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾರಿಚ್ ಊರಿನ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಆ ಹೆಸರುಗಳನ್ನು ಬಡ ಮಕ್ಕಳಿಗೆ ಕಲಿಸಲು ಸುಲಭವಾದ ದಾರಿಯನ್ನು ಕಂಡುಕೊಂಡಳು. ಪಾದ್ರಿ ಜಾನ್ ಕರ್ವೆನ್ ಅದನ್ನು ತಿದ್ದಿ, ಕೈಸನ್ನೆಗಳನ್ನು ಸೇರಿಸಿದನು. ಇಂಗ್ಲೆಂಡಿನ ಶಾಲೆಯ ಮಕ್ಕಳು ಸ್ವರವನ್ನು ನೋಡಿ ಹಾಡುವುದನ್ನು ಕಂಡು ಕೊದಾಯ್ ಮೆಚ್ಚಿದನು. ಅವನ ಶಿಷ್ಯ ಯೆನೋ ಆದಾಮ್ 1944ರಲ್ಲಿ ಇದೆಲ್ಲವನ್ನೂ ಶಾಲೆಗೆ ಒಪ್ಪುವ ಪಾಠಕ್ರಮವಾಗಿ ಬರೆದನು. ಒಳ್ಳೆಯದನ್ನು ಎಲ್ಲಿಂದಲಾದರೂ ತರಬಹುದು, ಆದರೆ ಅದರಲ್ಲಿ ತುಂಬುವ ಹಾಡು ಮಾತ್ರ ತಾಯ್ನುಡಿಯದೇ ಆಗಿರಬೇಕು ಎಂಬುದು ಆ ಗುರುಶಿಷ್ಯರ ಪಟ್ಟು.

ಆ ಪಟ್ಟಿಗೆ ಕಾರಣವಿದ್ದಿತು. 1905ರಲ್ಲಿ ಇಪ್ಪತ್ತೆರಡು ವರ್ಷದ ಕೊದಾಯ್ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಲು ಹೊರಟನು. ಬೇಲ ಬಾರ್ತೊಕ್ ಅವನ ಜೊತೆಗೂಡಿದನು. ಮೇಣದ ಉರುಳೆಯ ಫೊನೊಗ್ರಾಫ್ ಯಂತ್ರವನ್ನು ಹೊತ್ತುಕೊಂಡು ಇವರು ಹಳ್ಳಿಹಳ್ಳಿ ಅಲೆದರು. ರೈತರ, ಮುದುಕಿಯರ ಹಾಡನ್ನು ಹಿಡಿದಿಟ್ಟರು. ಮರುವರ್ಷವೇ ಇಪ್ಪತ್ತು ಹಾಡುಗಳ ಪುಸ್ತಕವೊಂದು ಇಬ್ಬರ ಹೆಸರಿನಲ್ಲಿ ಹೊರಬಂದಿತು. ಪಟ್ಟಣದವರಿಗೆ ಆ ಹಾಡುಗಳು ಅಪರಿಚಿತ. ಅವರ ಶಾಲೆಯಲ್ಲಿ ಜರ್ಮನ್ ಮಾದರಿಯ ರಾಗಗಳು, ಹೋಟಲಿನಲ್ಲಿ ಜಿಪ್ಸಿ ವಾದ್ಯದವರ ಪಿಟೀಲು. 1925ರಲ್ಲಿ ಹುಡುಗಿಯರ ಗುಂಪೊಂದು ಹಾಡುತ್ತಿದ್ದುದು ಕೊದಾಯನ ಕಿವಿಗೆ ಬಿದ್ದಿತು. ಅವರು ಮುಂದೆ ಉಪಾಧ್ಯಾಯಿನಿಯರಾಗತಕ್ಕವರು. ಹಾಡಿನ ಕೀಳುತನವನ್ನು ಕೇಳಿ ಆತ ನೊಂದುಕೊಂಡನು. ದೊಡ್ಡ ಸಭೆಗಳಿಗಾಗಿ ಬರೆಯುತ್ತಿದ್ದ ಲೇಖನಿ ಅಂದಿನಿಂದ ಮಕ್ಕಳಿಗಾಗಿ ಬರೆಯತೊಡಗಿತು.

ಯುದ್ಧ ಮುಗಿದಾಗ ಹಂಗೇರಿ ಬಡವಾಗಿತ್ತು. ಬುಡಾಪೆಸ್ಟಿನ ಮುತ್ತಿಗೆಯ ದಿನಗಳನ್ನು ಕೊದಾಯ್ ಮತ್ತು ಯಹೂದಿ ಮನೆತನದಲ್ಲಿ ಹುಟ್ಟಿದ ಅವನ ಹೆಂಡತಿ ಎಮ್ಮ ಸನ್ಯಾಸಿನಿಯರ ಮಠವೊಂದರ ನೆಲಮಾಳಿಗೆಯಲ್ಲಿ ಕಳೆದಿದ್ದರು. ಪಿಯಾನೋಗಳು ಮುರಿದಿದ್ದುವು, ಹಣವಿರಲಿಲ್ಲ. ಆದರೆ ಕೊರಳಿಗೆ ಬೆಲೆ ಕೊಡಬೇಕಾಗಿಲ್ಲ. ಪ್ರತಿ ಮಗುವೂ ತನ್ನ ವಾದ್ಯವನ್ನು ಹೊತ್ತುಕೊಂಡೇ ಶಾಲೆಗೆ ಬರುತ್ತದೆ. ಕೆಚ್ಕೆಮೇಟಿನ ಪದ್ಧತಿಯ ಗುಟ್ಟಿನಲ್ಲಿ ಅರ್ಧ ಪಾಲು ಈ ಬಡತನದ್ದು ಎಂದರೆ ತಪ್ಪಾಗದು. 1960ರ ದಶಕದ ವೇಳೆಗೆ ಆ ದೇಶದಲ್ಲಿ ಅಂತಹ ಶಾಲೆಗಳು ನೂರಕ್ಕೂ ಮಿಕ್ಕಿದ್ದುವು. 1964ರಲ್ಲಿ ಸಂಗೀತ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಬುಡಾಪೆಸ್ಟಿನಲ್ಲಿ ಸೇರಿದಾಗ ಹೊರಗಿನವರು ಇದನ್ನು ಕಂಡು ಬೆರಗಾದರು. 1967ರಲ್ಲಿ ಕೊದಾಯ್ ಕಾಲವಾದನು. 1975ರಲ್ಲಿ ಕೆಚ್ಕೆಮೇಟಿನ ಹಳೆಯ ಫ್ರಾನ್ಸಿಸ್ಕನ್ ಮಠದಲ್ಲಿ ಅವನ ಹೆಸರಿನ ವಿದ್ಯಾಸಂಸ್ಥೆ ತೆರೆಯಿತು. ಎರಡು ಇಗರ್ಜಿಗಳ ನಡುವಣ ಓಣಿಯಲ್ಲಿರುವ ಆ ಮಠದ ತಣ್ಣನೆಯ ಮೊಗಸಾಲೆಗಳಲ್ಲಿ ಈಗ ನಾನಾ ದೇಶಗಳ ಶಿಕ್ಷಕರು ಮಕ್ಕಳಂತೆ ಕೈಯೆತ್ತಿ ಸ್ವರ ಹಾಡುತ್ತಾರೆ.

ಗಡಿಯ ಆಚೆ

ಕೆಚ್ಕೆಮೇಟಿನಿಂದ ಹಿಂದಿರುಗಿ ಬುಡಾಪೆಸ್ಟಿನಲ್ಲಿ ಪಶ್ಚಿಮದ ರೈಲನ್ನು ಹಿಡಿದರೆ ಬಯಲು ಹಿಂದೆ ಸರಿಯುತ್ತದೆ. ಹೆಗ್ಯೆಶ್‌ಹಾಲೊಮ್ ಎಂಬಲ್ಲಿ ಹಂಗೇರಿ ಮುಗಿದು ಆಸ್ಟ್ರಿಯ ಮೊದಲಾಗುತ್ತದೆ. ನಾಲ್ಕು ದಶಕ ಯೂರೋಪನ್ನು ಇಬ್ಭಾಗ ಮಾಡಿದ್ದ ಮುಳ್ಳುತಂತಿ ಈ ಹೊಲಗಳಲ್ಲಿಯೇ ಹಾದುಹೋಗಿದ್ದಿತು. 1989ರಲ್ಲಿ ಹಂಗೇರಿಯವರು ಅದನ್ನು ಕಿತ್ತರು. ವಿಯೆನ್ನ ಕಳೆದು, ಲಿಂಜ್ ಕಳೆದು, ರೈಲು ಆಲ್ಪ್ಸ್ ಪರ್ವತದ ತಪ್ಪಲನ್ನು ಸೇರಿದಾಗ ದೃಶ್ಯವೇ ಬೇರೆ. ಸಾಲ್ಜಾಖ್ ನದಿ, ಅದರ ಎರಡು ದಡಗಳಲ್ಲಿ ಒತ್ತೊತ್ತಾಗಿ ನಿಂತ ಮನೆಗಳು, ತಲೆಯ ಮೇಲೆ 1077ರಲ್ಲಿ ಕಟ್ಟಲಾರಂಭಿಸಿದ ಬಿಳಿಯ ಕೋಟೆ. ಇದೇ ಸಾಲ್ಜ್‌ಬರ್ಗ್. ಹೆಸರಿಗೆ ಉಪ್ಪಿನ ಕೋಟೆ. ಉಪ್ಪಿನ ವ್ಯಾಪಾರದಿಂದ ಬೆಳೆದ ಊರು. ಜಗತ್ತಿಗೆ ಇದು ಮೊತ್ಸಾರ್ಟ್ ಹುಟ್ಟಿದ ಊರು.

ಮಕ್ಕಳಿಗೆ ಸಂಗೀತವನ್ನು ಕಲಿಸುವ ವಿಚಾರ ಈ ಊರಿಗೆ ಹೊಸದಲ್ಲ. ಗೆಟ್ರೈಡೆಗಾಸ್ಸೆ ಬೀದಿಯ 9ನೆಯ ಮನೆಯಲ್ಲಿ 1756ರಲ್ಲಿ ವುಲ್ಫ್‌ಗಾಂಗ್ ಹುಟ್ಟಿದ ವರ್ಷವೇ ಅವನ ತಂದೆ ಲಿಯೊಪೋಲ್ಡ್ ಪಿಟೀಲಿನ ಶಿಕ್ಷಣವನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಮತ್ತೊಂದು ಸ್ವಾರಸ್ಯವುಂಟು. ಕನ್ನಡ ನಾಡಿನ ನಗರಗಳಲ್ಲಿಯೂ ಅನೇಕರು ನೋಡಿ ಮೆಚ್ಚಿದ 'ದಿ ಸೌಂಡ್ ಆಫ್ ಮ್ಯೂಸಿಕ್' ಚಿತ್ರವು 1965ರಲ್ಲಿ ಹೊರಬಂದಿತು. ಏಳು ಮಕ್ಕಳಿಗೆ ಸ್ವರದ ಹೆಸರುಗಳನ್ನು ಹೇಳಿಕೊಡುವ ಆ ಚಿತ್ರದ ಹಾಡು ಮುಗಿಯುವುದು ಇದೇ ಊರಿನ ಮಿರಬೆಲ್ ಉದ್ಯಾನದ ಮೆಟ್ಟಿಲುಗಳ ಮೇಲೆ. ಚಿತ್ರದಲ್ಲಿ ಅವರ ಮನೆಯ ಮುಂಭಾಗವಾಗಿ ಕಾಣಿಸುವ ಫ್ರೋನ್‌ಬುರ್ಗ್ ಬಂಗಲೆಗೆ ಸಮೀಪದಲ್ಲಿಯೇ ಸ್ವರದ ಹೆಸರುಗಳಿಗೆ ಅವಸರಪಡದ ಮತ್ತೊಂದು ಶಾಲೆ ಇದೆ!

ಬರಿಗಾಲಿನ ವರ್ಗ

ಊರಿನ ದಕ್ಷಿಣಕ್ಕೆ, ಹೆಲ್‌ಬ್ರುನ್ ಅರಮನೆಯ ಕಡೆಗೆ ಹೋಗುವ ಸಾಲುಮರದ ದಾರಿಯ ಬಳಿ ಓರ್ಫ್ ವಿದ್ಯಾಲಯವಿದೆ. ಮೊತ್ಸಾರ್ಟನ ಹೆಸರಿನ ಸಂಗೀತ ವಿದ್ಯಾಪೀಠದ ಅಂಗವಾಗಿ 1961ರಲ್ಲಿ ಅದು ಹುಟ್ಟಿತು. ಶಿಕ್ಷಕರಾಗತಕ್ಕವರು ಅಲ್ಲಿ ಓದುತ್ತಾರೆ. ಊರಿನ ಮಕ್ಕಳು ಅಲ್ಲಿಗೆ ಆಡಲು ಬರುತ್ತಾರೆ.

ಆಡಲು ಎಂದುದು ಬಾಯಿ ತಪ್ಪಿ ಬಂದ ಮಾತಲ್ಲ. ಇಲ್ಲಿ ವರ್ಗವೆಂದರೆ ಬೆಂಚುಗಳ ಸಾಲಲ್ಲ, ಮರದ ನೆಲದ ವಿಶಾಲವಾದ ಕೋಣೆ. ಮಕ್ಕಳು ಕಾಲಿನ ಜೋಡು ಕಳಚಿ ವೃತ್ತವಾಗಿ ನಿಲ್ಲುತ್ತಾರೆ. ಪಾಠ ಮೊದಲಾಗುವುದು ಮಾತಿನಿಂದ. ಒಬ್ಬೊಬ್ಬರ ಹೆಸರನ್ನೂ ಎಲ್ಲರೂ ಲಯವಾಗಿ ನುಡಿಯುತ್ತಾರೆ. ಮೂರಕ್ಷರದ ಹೆಸರಿಗೆ ಒಂದು ನಡೆ, ನಾಲ್ಕಕ್ಷರದ ಹೆಸರಿಗೆ ಇನ್ನೊಂದು ನಡೆ. ಬಾಯಿಯ ಮಾತು ಕೈಗೆ ಇಳಿಯುತ್ತದೆ: ಚಪ್ಪಾಳೆ, ಚಿಟಿಕೆ, ತೊಡೆಯ ಮೇಲೆ ತಟ್ಟು, ಕಾಲಿನ ತುಳಿತ. ಮಗುವಿನ ಶರೀರವೇ ಮೊದಲ ಮೃದಂಗ. ಅನಂತರ ಬರುತ್ತವೆ ವಾದ್ಯಗಳು. ಕಾಷ್ಠತರಂಗಗಳು, ಲೋಹತರಂಗಗಳು, ಪುಟ್ಟ ನಗಾರಿಗಳು, ಕೊಳಲುಗಳು. ಕಾಷ್ಠತರಂಗದ ಮರದ ಪಟ್ಟಿಗಳನ್ನು ಒಂದೊಂದಾಗಿ ತೆಗೆದಿಡಬಹುದು. ಶಿಕ್ಷಕಿ 'ಫ' ಮತ್ತು 'ತಿ' ಎಂಬೆರಡು ಸ್ವರಗಳ ಪಟ್ಟಿಗಳನ್ನು ತೆಗೆದುಬಿಡುತ್ತಾಳೆ. ಉಳಿದ ಐದರಲ್ಲಿ ಮಗು ಯಾವುದನ್ನು ಹೊಡೆದರೂ ಕಿವಿಗೆ ಇರಿಯುವ ಅಪಸ್ವರ ಏಳುವುದಿಲ್ಲ.

ಈಗ ಆಟ. ಎಲ್ಲರೂ ಸೇರಿ ಒಂದು ಪಲ್ಲವಿಯನ್ನು ನುಡಿಸುತ್ತಾರೆ. ಪಲ್ಲವಿ ಮುಗಿದೊಡನೆ ಒಂದು ಮಗು ತನಗೆ ತೋಚಿದುದನ್ನು ಒಂಟಿಯಾಗಿ ನುಡಿಸುತ್ತದೆ. ಮತ್ತೆ ಪಲ್ಲವಿ, ಮತ್ತೊಂದು ಮಗು. ಯಾರೂ ತಪ್ಪು ಮಾಡುವಂತಿಲ್ಲ, ಯಾರೂ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಬರೆದ ಸ್ವರಲಿಪಿ ಇನ್ನೂ ಕಾಣಿಸಿಕೊಂಡೇ ಇಲ್ಲ. ಮಾತು ಬಂದ ಎಷ್ಟೋ ವರ್ಷಗಳ ಮೇಲಲ್ಲವೇ ಮಗು ಅಕ್ಷರವನ್ನು ಕಲಿಯುವುದು?

ಈ ಪದ್ಧತಿಯ ಮೂಲಪುರುಷ ಕಾರ್ಲ್ ಓರ್ಫ್. 1895ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹುಟ್ಟಿದವನು. 'ಕಾರ್ಮಿನ ಬುರಾನ' ಎಂಬ ಕೃತಿಯಿಂದ 1937ರಲ್ಲಿ ಹೆಸರಾದವನು. ಅದಕ್ಕೆ ಬಹಳ ಮುಂಚೆಯೇ, 1924ರಲ್ಲಿ, ಡೊರೋತೆ ಗ್ಯುಂಟರ್ ಎಂಬಾಕೆಯ ಜೊತೆಗೂಡಿ ಮ್ಯೂನಿಕ್‌ನಲ್ಲಿ ನೃತ್ಯ ಮತ್ತು ಸಂಗೀತದ ಶಾಲೆಯನ್ನು ತೆರೆದಿದ್ದನು. ಕಾಲವೂ ಹಾಗಿತ್ತು. ಜಿನೀವದ ಎಮಿಲ್ ಜಾಕ್ ದಾಲ್ಕ್ರೋಜ್ ಎಂಬ ಅಧ್ಯಾಪಕ, ಬೆರಳು ಓಡಿದರೂ ಕಿವಿ ಓಡದ ವಿದ್ಯಾರ್ಥಿಗಳನ್ನು ಕಂಡು, ಲಯವನ್ನು ಅವರಿಗೆ ಕಾಲ್ನಡಿಗೆಯಿಂದಲೇ ಕಲಿಸಿ ಯೂರೋಪಿಗೆಲ್ಲ ಹೊಸ ಗಾಳಿ ಬೀಸಿದ್ದನು. ಓರ್ಫನ ಶಾಲೆಯಲ್ಲಿ ನರ್ತಕರೇ ತಮ್ಮ ನೃತ್ಯಕ್ಕೆ ಬೇಕಾದ ಸಂಗೀತವನ್ನು ನುಡಿಸಿಕೊಳ್ಳುತ್ತಿದ್ದರು. ಕಾರ್ಲ್ ಮೆಂಡ್ಲರ್ ಎಂಬ ವಾದ್ಯಗಾರ ಅವರಿಗಾಗಿ ಹೊಸ ಕಾಷ್ಠತರಂಗಗಳನ್ನು ಮಾಡಿಕೊಟ್ಟನು. ಗೂನಿಲ್ಡ್ ಕೇಟ್ಮನ್ ಎಂಬ ವಿದ್ಯಾರ್ಥಿನಿ ಮುಂದೆ ಓರ್ಫನ ಬಲಗೈಯಾದಳು. ಅವನ ಹೆಸರಿನ ಕೀರ್ತಿಯಲ್ಲಿ ಅರ್ಧ ಭಾಗ ನ್ಯಾಯವಾಗಿ ಅವಳದು.

ಈ ಕಥೆಗೂ ಕರಾಳವಾದ ಒಂದು ಅಧ್ಯಾಯವಿದೆ. 1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಯ ಉತ್ಸವದಲ್ಲಿ ಮಕ್ಕಳ ನೃತ್ಯಕ್ಕೆ ಸಂಗೀತ ಒದಗಿಸಿದವರು ಓರ್ಫ್ ಮತ್ತು ಕೇಟ್ಮನ್. ಹಿಟ್ಲರನ ಆಳ್ವಿಕೆಯಲ್ಲಿ ಓರ್ಫ್ ಜರ್ಮನಿಯಲ್ಲಿಯೇ ಉಳಿದು ಬರೆದನು. ಆ ನಡತೆಯನ್ನು ಕುರಿತ ವಾದ ಇಂದಿಗೂ ಮುಗಿದಿಲ್ಲ. 1944ರಲ್ಲಿ ಅವನ ಶಾಲೆ ಮುಚ್ಚಿತು. 1945ರಲ್ಲಿ ಕಟ್ಟಡ ಬಾಂಬಿಗೆ ಆಹುತಿಯಾಯಿತು, ವಾದ್ಯಗಳು ಸುಟ್ಟುಹೋದುವು. ಮತ್ತೆ ಚಿಗುರಿದ್ದು ರೇಡಿಯೋದಲ್ಲಿ. 1948ರಲ್ಲಿ ಬವೇರಿಯದ ರೇಡಿಯೋ ಕೇಂದ್ರ ಮಕ್ಕಳಿಂದಲೇ ನುಡಿಸುವ ಮಕ್ಕಳ ಸಂಗೀತವನ್ನು ಪ್ರಸಾರ ಮಾಡಿತು. ಮುರಿದ ಊರುಗಳ ಶಾಲೆಗಳಿಂದ, ಆ ವಾದ್ಯಗಳು ನಮಗೂ ಬೇಕು ಎಂಬ ಬೇಡಿಕೆ ಬಂದಿತು. 1950ರಿಂದ 1954ರೊಳಗೆ ಐದು ಸಂಪುಟಗಳು ಅಚ್ಚಾದುವು. 1949ರಿಂದ ಕೇಟ್ಮನ್ ಸಾಲ್ಜ್‌ಬರ್ಗಿನಲ್ಲಿ ಮಕ್ಕಳಿಗೆ ಪಾಠ ಹೇಳಿದಳು. ಓರ್ಫ್ ತನ್ನ ಪದ್ಧತಿಯನ್ನು ಕಾಡುಹೂವಿಗೆ ಹೋಲಿಸುತ್ತಿದ್ದನು: ಯಾರೂ ನೆಟ್ಟು ಬೆಳೆಸಿದುದಲ್ಲ, ಬೇಕಾದೆಡೆ ತಾನೇ ಬೆಳೆದದ್ದು.

ಭೇದವೆಲ್ಲಿ?

ಎರಡು ಊರುಗಳನ್ನೂ ನೋಡಿದ ಪ್ರಯಾಣಿಕನಿಗೆ ಒಂದು ಪ್ರಶ್ನೆ ಏಳದೆ ಇರದು. ಯಾರದು ಸರಿ? ಒಂದೆಡೆ ಶಿಸ್ತು, ಇನ್ನೊಂದೆಡೆ ಸ್ವಚ್ಛಂದ. ಕೆಚ್ಕೆಮೇಟಿನಲ್ಲಿ ಪಾಠಗಳು ಸಾಲುಮೆಟ್ಟಿಲಿನಂತೆ. ಒಂದನ್ನು ಹತ್ತದೆ ಇನ್ನೊಂದಕ್ಕೆ ಕಾಲಿಡುವಂತಿಲ್ಲ. ಸಾಲ್ಜ್‌ಬರ್ಗಿನಲ್ಲಿ ಮೆಟ್ಟಿಲೇ ಇಲ್ಲ, ಅಂಗಳವಿದೆ. ಅಲ್ಲಿ ಮಗು ಹಿರಿಯರು ಬಿಟ್ಟುಹೋದ ಆಸ್ತಿಯನ್ನು ಪಡೆಯುತ್ತದೆ. ಇಲ್ಲಿ ತನ್ನದೇ ಗಳಿಕೆಯನ್ನು ಮಾಡುತ್ತದೆ. ಅಲ್ಲಿ ಹತ್ತು ವರ್ಷದ ಮಗು ಹಿಂದೆಂದೂ ಕೇಳದ ಹಾಡನ್ನು ಕಾಗದದಿಂದ ಓದಿ ಹಾಡಬಲ್ಲದು. ಇಲ್ಲಿ ಅದೇ ವಯಸ್ಸಿನ ಮಗು ಹಿಂದೆಂದೂ ಇಲ್ಲದ ಹಾಡೊಂದನ್ನು ಕಟ್ಟಬಲ್ಲದು.

ಎರಡರಲ್ಲಿಯೂ ಅಪಾಯವುಂಟು. ರಸಿಕತೆಯಿಲ್ಲದ ಮೇಷ್ಟರ ಕೈಗೆ ಸಿಕ್ಕಿದರೆ ಕೊದಾಯನ ಕೈಸನ್ನೆಗಳು ಕವಾಯತಾಗುತ್ತವೆ. ಸ್ವರದ ಹೆಸರು ಮಗ್ಗಿಯಾಗುತ್ತದೆ. ಹಾಡು ಸತ್ತು ಅದರ ಎಲುಬಿನ ಗೂಡು ಉಳಿಯುತ್ತದೆ. ಸಂಗೀತವನ್ನೇ ತಿಳಿಯದ ಮೇಷ್ಟರ ಕೈಗೆ ಸಿಕ್ಕಿದರೆ ಓರ್ಫನ ವಾದ್ಯಗಳು ಗದ್ದಲವಾಗುತ್ತವೆ. ವರ್ಷ ಕಳೆದರೂ ಮಗು ಐದು ಪಟ್ಟಿಗಳನ್ನು ಬಡಿಯುತ್ತಲೇ ಇರುತ್ತದೆ. ಹಣದ ಮಾತೂ ಇದೆ. ಒಳ್ಳೆಯ ಕಾಷ್ಠತರಂಗ ಅಗ್ಗದ ವಸ್ತುವಲ್ಲ. ಹಂಗೇರಿಯಲ್ಲಿಯೂ ಕೊದಾಯನ ಕನಸು ಪೂರ್ತಿ ನನಸಾಗಲಿಲ್ಲ. ದಿನಕ್ಕೊಂದು ಸಂಗೀತದ ಪಾಠ ಎಲ್ಲ ಮಕ್ಕಳಿಗೂ ಸಿಗಬೇಕೆಂದು ಅವನು ಬಯಸಿದನು. ಅದು ಸಿಕ್ಕಿದ್ದು ವಿಶೇಷ ಶಾಲೆಗಳ ಮಕ್ಕಳಿಗೆ ಮಾತ್ರ. 2016ರಲ್ಲಿ ಯುನೆಸ್ಕೊ ಅವನ ಪದ್ಧತಿಯನ್ನು ಜನಪದ ಸಂಗೀತದ ರಕ್ಷಣೆಗೆ ಮಾದರಿಯೆಂದು ಪಟ್ಟಿಗೆ ಸೇರಿಸಿತು. ಗೌರವ ದೊರೆಯುವುದು ಸುಲಭ, ವೇಳಾಪಟ್ಟಿಯಲ್ಲಿ ಒಂದು ಗಂಟೆ ದೊರೆಯುವುದು ಕಷ್ಟ!

ಮೋಹನದಲ್ಲಿ ಮೇಳ

ಕನ್ನಡ ನಾಡಿನ ಕಿವಿ ಇಲ್ಲಿ ಒಂದು ವಿಷಯವನ್ನು ಕೂಡಲೇ ಗುರುತಿಸುತ್ತದೆ. ಕೊದಾಯನ 'ದೊ' ಒಂದೇ ಕಡೆ ನಿಲ್ಲುವುದಲ್ಲ. ಹಾಡುವವರ ಕೊರಳಿಗೆ ಅನುಕೂಲವಾದ ಎಡೆಗೆ ಅದು ಸರಿಯುತ್ತದೆ. ಇಟಲಿ, ಫ್ರಾನ್ಸ್ ದೇಶಗಳಲ್ಲಿ 'ದೊ' ಎಂಬುದು ಒಂದೇ ನಿಶ್ಚಿತ ಶ್ರುತಿಯ ಹೆಸರು. ಅಲ್ಲಿಂದ ಬಂದವರಿಗೆ ಈ ಸರಿಯುವ 'ದೊ' ಬಹಳ ಗೊಂದಲ. ನಮ್ಮ ಷಡ್ಜವನ್ನು ಬಲ್ಲವರಿಗೆ ಗೊಂದಲವೇನೂ ಇಲ್ಲ. ಒಂದೂವರೆ ಕಟ್ಟೆಯವನಿಗೂ ಐದು ಕಟ್ಟೆಯವಳಿಗೂ ಷಡ್ಜ ಷಡ್ಜವೇ ಅಲ್ಲವೇ? ಪಾಠಕ್ಕೊಂದು ಮೆಟ್ಟಿಲು ಎಂಬುದೂ ನಮಗೆ ಹೊಸದಲ್ಲ. ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಕ್ರಮವನ್ನು ಹಾಕಿಕೊಟ್ಟ ಕೀರ್ತಿಯನ್ನು ಸಂಪ್ರದಾಯವು ಪುರಂದರದಾಸರಿಗೆ ಸಲ್ಲಿಸುತ್ತದೆ. ಅವರು ಮಾಯಾಮಾಳವಗೌಳದಿಂದ ಮೊದಲು ಮಾಡಿದರು. ಕೊದಾಯ್ ಮತ್ತು ಓರ್ಫ್ ಎಲ್ಲಿಂದ ಮೊದಲು ಮಾಡಿದರು?

ಸ್ವಾರಸ್ಯವಿರುವುದೇ ಇಲ್ಲಿ. ಇಬ್ಬರೂ ಮೊದಲು ಮಾಡಿದ್ದು ಒಂದೇ ಕಡೆಯಿಂದ. 'ಸೊ' ಮತ್ತು 'ಮಿ' ಎಂಬ ಎರಡೇ ಸ್ವರಗಳು. 'ದೊ'ವನ್ನು ಷಡ್ಜವೆಂದು ಇಟ್ಟುಕೊಂಡರೆ ನಮ್ಮ ಪಂಚಮ ಮತ್ತು ಗಾಂಧಾರ. ಮಕ್ಕಳು ಬೀದಿಯಲ್ಲಿ ಒಬ್ಬರನ್ನೊಬ್ಬರು ರಾಗವಾಗಿ ಕೂಗುವುದು ಈ ಇಳಿತದಲ್ಲಿಯೇ. ಅದಕ್ಕೆ 'ಲ' ಸೇರುತ್ತದೆ; ಮುಂದೆ 'ರೆ', 'ದೊ' ಬರುತ್ತವೆ. ಸರಿ, ಗ, ಪ, ದ! ಹಂಗೇರಿಯ ಬಯಲಿನ ಮಕ್ಕಳೂ ಆಲ್ಪ್ಸ್ ತಪ್ಪಲಿನ ಮಕ್ಕಳೂ ಹೆಸರು ತಿಳಿಯದೆಯೇ ಮೋಹನ ರಾಗದ ಸ್ವರಗಳಲ್ಲಿ ಓಲಾಡುತ್ತಿದ್ದಾರೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕೊದಾಯ್ ಮುದುಕರಿಂದ ಸಂಗ್ರಹಿಸಿದ ಹಳೆಯ ಹಾಡುಗಳಲ್ಲಿ ಅನೇಕವು ಇದೇ ಐದು ಸ್ವರಗಳವು, ಆದರೆ ಅವುಗಳ ನೆಲೆ 'ಲ'. ಮೋಹನದ ದೈವತವನ್ನು ಷಡ್ಜವಾಗಿ ಹಿಡಿದು ನೋಡಿದರೆ ಸಿಕ್ಕುವುದು ಶುದ್ಧ ಧನ್ಯಾಸಿಯ ಸ್ವರಗಳು. ಗಮಕ ಬೇರೆ, ನಡೆ ಬೇರೆ, ಭಾವ ಬೇರೆ. ಆದರೂ ಆ ಬಯಲಿನ ಹಾಡನ್ನು ಮೊದಲ ಸಲ ಕೇಳಿದ ಕನ್ನಡಿಗನಿಗೆ ಅದು ತೀರ ಪರಕೀಯವೆನಿಸುವುದಿಲ್ಲ.

ಆದುದರಿಂದ ಎರಡು ಊರುಗಳ ಜಗಳ ಸ್ವರದ ಜಗಳವಲ್ಲ, ದಾರಿಯ ಜಗಳ. ಒಬ್ಬನು ಕಿವಿಯಿಂದ ಕೊರಳಿಗೆ, ಕೊರಳಿನಿಂದ ಕಣ್ಣಿಗೆ ಕರೆದೊಯ್ದನು. ಇನ್ನೊಬ್ಬನು ಕಾಲಿನಿಂದ ಕೈಗೆ, ಕೈಯಿಂದ ಕೋಲಿಗೆ ಕರೆದೊಯ್ದನು. ಇಬ್ಬರೂ ಪ್ರಾರಂಭದಲ್ಲಿ ಮಗುವಿನ ತಾಯ್ನುಡಿಯ ಆಟದ ಪದಗಳನ್ನೇ ಕೈಗೆ ಕೊಟ್ಟರು. ಕೋಲಾಟವನ್ನೂ ಚಪ್ಪಾಳೆಯ ಆಟಗಳನ್ನೂ ಬಲ್ಲ ನಾಡಿಗೆ ಈ ಮಾತು ಅರ್ಥವಾಗಲು ವ್ಯಾಖ್ಯಾನ ಬೇಕಾಗಿಲ್ಲ.

ಹಾಡಬಾರದೆನಿಸಿಕೊಂಡ ಮಗು

ಪದ್ಧತಿಯ ಬೆಲೆಯನ್ನು ಅಳೆಯತಕ್ಕದ್ದು ಜಾಣ ಮಕ್ಕಳಿಂದಲ್ಲ. ಸಂಗೀತದ ಮನೆಯಲ್ಲಿ ಹುಟ್ಟಿದ ಮಗುವಿಗೆ ಯಾವ ದಾರಿಯಾದರೂ ಒಂದೇ. ಪ್ರತಿ ವರ್ಗದಲ್ಲಿಯೂ ಒಂದು ಮಗು ಇರುತ್ತದೆ. ಅದು ಬಾಯಿ ತೆರೆದರೆ ಪಕ್ಕದವರು ನಗುತ್ತಾರೆ. ಶಾಲೆಯ ವಾರ್ಷಿಕೋತ್ಸವದ ದಿನ ಮೇಷ್ಟರು ಅದನ್ನು ಹಿಂದಿನ ಸಾಲಿಗೆ ನಿಲ್ಲಿಸಿ, "ನೀನು ಸುಮ್ಮನೆ ತುಟಿ ಆಡಿಸಪ್ಪ, ಸಾಕು" ಎನ್ನುತ್ತಾರೆ. ಮನೆಯಲ್ಲಿ ಅಣ್ಣಂದಿರು ಕತ್ತೆಯ ಕಂಠವೆಂದು ಹಾಸ್ಯ ಮಾಡುತ್ತಾರೆ. ಆ ಮಗು ಬೆಳೆದು ದೊಡ್ಡದಾಗುತ್ತದೆ. ಲೆಕ್ಕಪತ್ರ ಬರೆಯುತ್ತದೆ, ಸಂಸಾರ ಮಾಡುತ್ತದೆ. ತನ್ನ ಮಗುವಿಗೆ ಜೋಗುಳ ಹಾಡಲೂ ನಾಚುತ್ತದೆ. ಒಂದು ಮಾತಿನಿಂದ ಎರಡು ತಲೆಮಾರಿನ ಬಾಯಿ ಮುಚ್ಚುತ್ತದೆ.

ಈ ಮಗುವಿಗೆ ಕೆಚ್ಕೆಮೇಟಿನ ಉತ್ತರ ತಾಳ್ಮೆ. ಉಪಾಧ್ಯಾಯಿನಿ ಅದನ್ನು ಹಿಂದಿನ ಸಾಲಿಗೆ ಕಳುಹಿಸುವುದಿಲ್ಲ. ಸ್ವರ ನಿಂತ ಮಗುವಿನ ಪಕ್ಕದಲ್ಲಿ ಕೂಡಿಸುತ್ತಾಳೆ. ಕೈಸನ್ನೆಯಿಂದ ಏರಿಳಿತವನ್ನು ಕಣ್ಣಿಗೆ ಕಾಣಿಸುತ್ತಾಳೆ. ಎರಡೇ ಸ್ವರಗಳಲ್ಲಿ ಹೆಸರು ಹಿಡಿದು ಕರೆಯುತ್ತಾಳೆ, ಎರಡೇ ಸ್ವರಗಳಲ್ಲಿ ಉತ್ತರವನ್ನು ಕೇಳುತ್ತಾಳೆ. ಇಂದು ಬಾರದಿದ್ದರೆ ನಾಳೆ. ಪಾಠ ದಿನವೂ ಇದೆಯಲ್ಲ! ಸಾಲ್ಜ್‌ಬರ್ಗಿನ ಉತ್ತರ ಸಹವಾಸ. ಆ ಮಗುವಿನ ಕೈಗೆ ದೊಡ್ಡ ಕಾಷ್ಠತರಂಗವನ್ನು ಕೊಟ್ಟು, ಎರಡೇ ಪಟ್ಟಿಗಳನ್ನು ಒಂದೇ ಲಯದಲ್ಲಿ ನುಡಿಸುತ್ತಿರು ಎನ್ನುತ್ತಾರೆ. ತಂಬೂರಿಯಿಲ್ಲದೆ ಕಚೇರಿ ಉಂಟೇ? ಉಳಿದವರ ಹಾಡೆಲ್ಲವೂ ಆ ಎರಡು ಸ್ವರಗಳ ಮೇಲೆ ನಿಲ್ಲುತ್ತದೆ. ನಗಬೇಕೆಂದವನೂ ಅದರ ತಾಳಕ್ಕೆ ಕಾಯಬೇಕಾಗುತ್ತದೆ.

ಕೊದಾಯ್ ಒಂದು ಮಾತನ್ನು ಬರೆದಿದ್ದಾನೆ. ರಾಜಧಾನಿಯ ಆಪೆರಾ ಮಂದಿರದ ನಿರ್ದೇಶಕ ಯಾರೆಂಬುದಕ್ಕಿಂತ ಕಿಶ್ವಾರ್ದ ಎಂಬ ಚಿಕ್ಕ ಊರಿನ ಹಾಡಿನ ಮೇಷ್ಟರು ಯಾರೆಂಬುದು ಹೆಚ್ಚು ಮುಖ್ಯವಂತೆ. ಕೆಟ್ಟ ನಿರ್ದೇಶಕ ಸೋತು ಮನೆಗೆ ಹೋಗುತ್ತಾನೆ. ಕೆಟ್ಟ ಮೇಷ್ಟರು ಮೂವತ್ತು ವರ್ಷ ಇದ್ದು, ಮೂವತ್ತು ವರ್ಗಗಳ ಮಕ್ಕಳಲ್ಲಿ ಸಂಗೀತದ ಆಸೆಯನ್ನು ಕೊಲ್ಲುತ್ತಾನೆ. ಈ ಮಾತಿಗೆ ಓರ್ಫನ ಶಾಲೆಯವರೂ ತಲೆದೂಗುವರು. ಶ್ರುತಿಕವೆಯಾಗಲಿ ಕಾಷ್ಠತರಂಗವಾಗಲಿ, ಹಿಡಿದ ಕೈ ಯಾವುದು ಎಂಬುದೇ ಕೊನೆಗೆ ಉಳಿಯುವ ಪ್ರಶ್ನೆ.

'ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ' ಎಂದು ಕನ್ನಡದ ಗಾದೆ. ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಹಾಡುತ್ತ ಹಾಡುತ್ತ ರಾಗ ಬರಬೇಕಾದರೆ ಮೊದಲು ಯಾರಾದರೂ ಮಗುವನ್ನು ಹಾಡಲು ಬಿಡಬೇಕು. ಹಂಗೇರಿಯ ಬಯಲಿನ ಆಡಿನ ಊರು, ಆಸ್ಟ್ರಿಯದ ಬೆಟ್ಟದಡಿಯ ಉಪ್ಪಿನ ಊರು, ಎರಡೂ ಬೇರೆ ಬೇರೆ ಬಾಯಿಂದ ಹೇಳುತ್ತಿರುವುದು ಇದೊಂದನ್ನೇ. ಸಂಜೆ ಕ್ರಿಕೆಟ್ ಮುಗಿಸಿ ಮನೆಗೆ ಬಂದ ಹುಡುಗ ಕೈಕಾಲು ತೊಳೆಯುತ್ತ ಬಚ್ಚಲಲ್ಲಿ ಅಪಶ್ರುತಿಯಾಗಿ ಏನನ್ನೋ ಗುನುಗುತ್ತಿದ್ದರೆ, ಹೊರಗೆ ಕುಳಿತ ಹಿರಿಯರು ಒಂದು ಕ್ಷಣ ಬಾಯಿ ಬಿಗಿಹಿಡಿದು ಕೇಳಬಹುದು. ಕೇಳುತ್ತ ಕೇಳುತ್ತ ಅದರಲ್ಲಿ ಒಂದು ಪಂಚಮ, ಒಂದು ಗಾಂಧಾರ ಸಿಕ್ಕದೆ ಇರದು.